ಲಿಸ್ಬನ್ ಗೆಳತಿಗೆ ಯಾವ ಹಾಡು ಕಳಿಸಲಿ ಅಂದಿರಲ್ಲ

ಆ ಗೆಳತಿ ಪೋರ್ಚುಗಲ್‌ನ ಫಾಡೊ ಶೈಲಿಯ ಹಾಡು ಕಳಿಸುತ್ತಾರೆ, ನಮ್ಮ ಕಡೆಯದು ಏನು ಕಳಿಸಲಿ ಅಂತ ಕೇಳಿದ್ದೀರಿ. ಭೀಮಸೇನ ಜೋಶಿಯವರು ಹಾಡಿರುವ ಒಂದು ದಾಸರ ಪದದಿಂದ ಶುರು ಮಾಡಿ. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದವರು, ಕುಂದಗೋಳದಲ್ಲಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಹಿಂದೂಸ್ತಾನಿ ರಾಗ, ಕನ್ನಡದ ಮಾತು ಎರಡೂ ಒಟ್ಟಿಗೇ ಸಿಗುತ್ತವೆ. ಉದ್ದದ ಖಯಾಲ್, ಅಂದರೆ ಒಂದೇ ರಾಗವನ್ನು ನಿಧಾನಕ್ಕೆ ಬೆಳೆಸುತ್ತ ಹಾಡುವ ಹಿಂದೂಸ್ತಾನಿ ಗಾಯನ, ಈಗಲೇ ಬೇಡ.

ಸುಮ್ನೆ ಲಿಂಕ್ ಕಳಿಸಬೇಡಿ. ಹಾಡಿನ ಅರ್ಥವನ್ನು ನಾಲ್ಕು ಸಾಲಿನಲ್ಲಿ ನೀವೇ ಬರೆಯಿರಿ. ಫಾಡೊದಲ್ಲೂ ಮಾತಿಗೆ ಅಷ್ಟೇ ಬೆಲೆ ಅಲ್ವಾ. ನಾನು ಒಮ್ಮೆ ಆನ್‌ಲೈನ್ ಗೆಳೆಯನಿಗೆ ನಮ್ಮ ಅಡುಗೆಮನೆಯ ಬೆಳಗನ್ನೇ ರೆಕಾರ್ಡ್ ಮಾಡಿ ಕಳಿಸಿದ್ದೆ. ಹಿಂದೆ ಅಮ್ಮನ ರೇಡಿಯೊದಲ್ಲಿ ದೇವರನಾಮ, ಮುಂದೆ ಒಗ್ಗರಣೆಯ ಸಾಸಿವೆ ಚಟಪಟ. "ಮೂರು ಸಲ ಕೇಳಿದೆ, ಆ ಸಿಡಿಯುವ ಸದ್ದು ಏನು?" ಅಂತ ಬರೆದ. ನಮ್ಮ ಸ್ನೇಹ ಗಟ್ಟಿಯಾಗಿದ್ದು ಅವತ್ತು.