ವೇದಿಕೆಗೆ ಹ್ಯಾಮಂಡ್ ಆರ್ಗನ್ ನಾದ

ಪ್ರಶ್ನೆ: ನನ್ನ 88 ಕೀಗಳ ಸ್ಟೇಜ್ ಪಿಯಾನೊದಲ್ಲಿ (ವೇದಿಕೆಯ ಡಿಜಿಟಲ್ ಪಿಯಾನೊ) ಹ್ಯಾಮಂಡ್ ಆರ್ಗನ್ (ಹಳೆಯ ವಿದ್ಯುತ್ ಆರ್ಗನ್) ಸದ್ದು ಸಪ್ಪೆ. ಬೇರೆ ಕೀಬೋರ್ಡ್ ಬೇಕೆ?

ಉತ್ತರ: ಬೇಕು. ಪಿಯಾನೊದ ಭಾರದ ಕೀಗಳ ಮೇಲೆ ಆರ್ಗನ್ ಶೈಲಿಯಲ್ಲಿ ಅಂಗೈ ಜಾರಿಸುವುದು ಕಷ್ಟ. ಅಂಚು ದುಂಡಗಿರುವ, ಹಗುರ ಕೀಗಳ 61 ಅಥವಾ 73ರದ್ದು ನೋಡಿ. ಒಂಬತ್ತು ಡ್ರಾಬಾರ್‌ಗಳು (ಎಳೆದಷ್ಟೂ ನಾದದ ಒಂದೊಂದು ಅಂಶವನ್ನು 0ರಿಂದ 8ರವರೆಗೆ ಜೋರು ಮಾಡುವ ಸರಳುಗಳು) ಕೈಗೆ ಸಿಗಲೇಬೇಕು, ಮೆನುವಿನೊಳಗಿದ್ದರೆ ನುಡಿಸುವಾಗ ಉಪಯೋಗವಿಲ್ಲ. ಮೊದಲ ಮೂರನ್ನು 8ರವರೆಗೆ ಎಳೆದು, ಉಳಿದವನ್ನು ಮುಚ್ಚಿ, ಥರ್ಡ್ ಹಾರ್ಮಾನಿಕ್ ಪರ್ಕಷನ್ (ಸ್ವರದ ಆರಂಭಕ್ಕೆ ಚುಟುಕು ಹೊಡೆತದಂಥ ಸದ್ದು ಸೇರಿಸುವ ಸ್ವಿಚ್) ಹಾಕಿ. ಕೆಲವೊಮ್ಮೆ ಪರ್ಕಷನ್ ಕೇಳಿಸದಿದ್ದರೆ ಅದು ದೋಷವಲ್ಲ: ಹಿಂದಿನ ಕೀಗಳನ್ನೆಲ್ಲ ಬಿಟ್ಟು ಹೊಸದಾಗಿ ಒತ್ತಿದಾಗ ಮಾತ್ರ ಅದು ಬರುತ್ತದೆ, ಮೂಲ ವಾದ್ಯದಲ್ಲೂ ಹಾಗೆಯೇ.

ಕೀಬೋರ್ಡ್ ಅನುಕರಿಸುವ ಲೆಸ್ಲಿ ಸ್ಪೀಕರಿನ (ಆರ್ಗನ್ ದನಿಯನ್ನು ಸುತ್ತಿಸುವ ಸ್ಪೀಕರ್ ಪೆಟ್ಟಿಗೆ) ಸುತ್ತು ಮೋನೊದಲ್ಲಿ, ಅಂದರೆ ಒಂದೇ ಔಟ್‌ಪುಟ್‌ನಲ್ಲಿ, ಸೊರಗುತ್ತದೆ. ಎಡ, ಬಲ ಎರಡೂ ಔಟ್‌ಪುಟ್‌ಗಳನ್ನು ಡಿಐ ಬಾಕ್ಸ್ (ವಾದ್ಯದ ಸಿಗ್ನಲ್ಲನ್ನು ಮಿಕ್ಸರಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ) ಮೂಲಕ ಮಿಕ್ಸರಿಗೆ ಕೊಡಿ. ಎಕ್ಸ್‌ಪ್ರೆಶನ್ ಪೆಡಲ್ (ಕಾಲಿನಿಂದ ದನಿ ಏರಿಳಿಸುವ ಪೆಡಲ್) ಮಾತ್ರ ಬಿಡಲೇಬೇಡಿ. ಹ್ಯಾಮಂಡ್ ಬೆರಳಿನ ಬಲಕ್ಕೆ ಸ್ಪಂದಿಸುವುದಿಲ್ಲ, ದನಿಯ ಏರಿಳಿತವೆಲ್ಲ ಕಾಲಿನಲ್ಲೇ.