1902ರ ಸಾವಿರ ಕ್ರೋನ್ ನೋಟಿನ ಮೇಲೆ ಕೆಂಪು ಅಕ್ಷರ ಯಾಕಿದೆ? ಅಸಲಿಯಾ?

ನಿಮ್ಮ ನೋಟು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ್ದು. ಕೆಂಪಲ್ಲಿ ಒತ್ತಿರುವ ‘ಡಾಯ್ಚ್‌ಓಸ್ಟರ್‌ರೈಖ್’ ಅಂದರೆ ಜರ್ಮನ್ ಆಸ್ಟ್ರಿಯಾ, ಸಾಮ್ರಾಜ್ಯ ಒಡೆದ ಮೇಲೆ ಹುಟ್ಟಿದ ಹೊಸ ಆಸ್ಟ್ರಿಯಾ ದೇಶದ ಮೊದಲ ಹೆಸರು. 1902 ಅನ್ನೋದು ಆ ವಿನ್ಯಾಸದ ತಾರೀಕು ಅಷ್ಟೇ, ಕೆಂಪು ಅಕ್ಷರ ಬಂದದ್ದು 1919ರಿಂದ ಈಚೆಗೆ. ಇದು ಧಾರಾಳವಾಗಿ ಸಿಗುವ ನೋಟು, ನಕಲಿ ಅಂತ ಜಾಸ್ತಿ ಹೆದರಬೇಡಿ.

1918ರಲ್ಲಿ ಸಾಮ್ರಾಜ್ಯ ಒಡೆಯಿತು, ಆದರೆ ಹೊಸ ದೇಶಗಳಲ್ಲೆಲ್ಲ ಓಡುತ್ತಿದ್ದದ್ದು ಅದೇ ಹಳೇ ಕ್ರೋನ್. ವಿಯೆನ್ನಾದಲ್ಲಿ ಅಚ್ಚು ಹಾಕುವುದು ನಿಲ್ಲಲಿಲ್ಲ, ಬೆಲೆ ಕುಸಿಯುತ್ತಲೇ ಇತ್ತು, ಹಾಗಾಗಿ ತಮ್ಮ ಹಣ ಯಾವುದು ಅಂತ ಗುರುತಿಸಲು ಒಂದೊಂದು ದೇಶವೂ ತನ್ನ ಗುರುತು ಹಾಕಿಕೊಂಡಿತು. ಚೆಕೊಸ್ಲೊವಾಕಿಯಾ 1919ರಲ್ಲಿ ಗಡಿ ಮುಚ್ಚಿ, ನೋಟಿಗೆ ಅಂಚೆಚೀಟಿಯಂಥ ಚೀಟಿ ಅಂಟಿಸಿತು. ಚೀಟಿಯ ಬೆಲೆ ನೋಟಿನ ಶೇಕಡಾ 1. ನೂರರ ನೋಟಿಗೆ ಒಂದು ಕ್ರೋನ್ ಚೀಟಿ. ಜನ ತಂದ ಹಣದಲ್ಲಿ ಅರ್ಧವನ್ನು ಸರ್ಕಾರ ಸಾಲ ಅಂತ ಹಿಡಿದಿಟ್ಟುಕೊಂಡಿತು! ಹಂಗೇರಿಯದು ‘ಮಾಗ್ಯಾರೊರ್ಸಾಗ್’ ಎಂದಿರುವ ದುಂಡು ಸೀಲು, ರೊಮೇನಿಯಾದ್ದು ‘ತಿಂಬ್ರು ಸ್ಪೆಚಿಯಾಲ್’, ಫಿಯೂಮೆ ಊರಿನದು ‘ಚಿತ್ತಾ ದಿ ಫಿಯೂಮೆ’.

ಎಚ್ಚರ ಬೇಕಾದದ್ದು ಇಲ್ಲಿ. ಸೀಲಿಲ್ಲದ ನೋಟು ಅಗ್ಗ, ಅಪರೂಪದ ಸೀಲು ಬಿದ್ದರೆ ಬೆಲೆ ಏರುತ್ತದೆ, ಆದ್ದರಿಂದ ಅಸಲಿ ನೋಟಿನ ಮೇಲೆ ನಕಲಿ ಸೀಲು ಒತ್ತಿ ಮಾರುತ್ತಾರೆ. ನಾನೂ ಫಿಯೂಮೆ ಸೀಲಿನದೊಂದನ್ನು ಒಳ್ಳೇ ಬೆಲೆ ಕೊಟ್ಟು ತಂದು, ಮನೆಯಲ್ಲಿ ಭೂತಗನ್ನಡಿ ಹಿಡಿದಾಗಲೇ ಗೊತ್ತಾಗಿದ್ದು. ನೋಟು ಮಡಿಸಿ ಮಡಿಸಿ ಸವೆದ ಗೆರೆಯೊಳಗೆ ಸೀಲಿನ ಶಾಯಿ ಇಳಿದು ಹರಡಿತ್ತು. ಆ ಕಾಲದ ಸೀಲಾಗಿದ್ದರೆ ಮಡಿಕೆ ಬಿದ್ದ ಕಡೆ ನೋಟಿನ ಬಣ್ಣದ ಜೊತೆಗೇ ಶಾಯಿಯೂ ಸವೆದಿರಬೇಕು ಅಲ್ವಾ? ಅವತ್ತು ತುಂಬಾ ಬೇಜಾರಾಯಿತು, ಆದರೆ ಅಂದಿನಿಂದ ಮೊದಲು ನೋಡುವುದೇ ಮಡಿಕೆಯನ್ನು. ಚೀಟಿ ಅಂಟಿಸಿದ ನೋಟಾದರೆ ನೇರಳಾತೀತ ದೀಪ ಹಿಡಿಯಿರಿ. ಚೀಟಿ ನೀಲಿಯಾಗಿ ಹೊಳೆದರೆ ಕಾಗದ ಹೊಸದು, ಬೆಳ್ಳಗೆ ಮಾಡುವ ಆ ರಾಸಾಯನಿಕ 1919ರಲ್ಲಿ ಇರಲೇ ಇಲ್ಲ.

ನಿಮ್ಮದರ ಎರಡೂ ಬದಿ ಫೋಟೋ ಹಾಕಿ. ಕೆಂಪು ಅಕ್ಷರ ಮಡಿಕೆಯನ್ನು ದಾಟುವ ಜಾಗ ಹತ್ತಿರದಿಂದ ಬರಲಿ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ.