ಏಳು ಕೊಲೆ ಬೇಡ, ಒಂದು ಹೆಚ್ಚುವರಿ ವಿವರ ಸಾಕು

ಕೈಯಲ್ಲಿರುವುದು ಎಂಟು ಲಕ್ಷ ರೂಪಾಯಿ. ವಾರಾಂತ್ಯಕ್ಕೆ ಮಾತ್ರ ಬಿಡುವಾಗುವ ಆರು ಜನ ಗೆಳೆಯರು. ತಾಲ್ಲೂಕು ಕೇಂದ್ರದ ಒಬ್ಬ ವರದಿಗಾರ, ಅವನಿಗೆ ಫೋನ್ ಮಾಡುವ ಒಬ್ಬ ಸರಣಿ ಹಂತಕ, ಏಳು ಕೊಲೆಗಳು, ಕೊನೆಗೆ ಮಳೆಯಲ್ಲಿ ಬೆನ್ನಟ್ಟುವ ದೃಶ್ಯ. ಇಷ್ಟನ್ನು ಬರೆದು, ಈ ಚಿತ್ರ ತೆಗೆಯಲು ಯಾವ ಕ್ಯಾಮೆರಾ ಬಾಡಿಗೆಗೆ ತರಲಿ ಎಂದು ಈ ವೇದಿಕೆಯಲ್ಲಿ ಕೇಳಿದ್ದೀರಿ. ಮೇಲೆ ಉತ್ತರಿಸಿದವರು ಕ್ಯಾಮೆರಾ, ಲೆನ್ಸುಗಳ ಹೆಸರುಗಳನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಆ ಜಗಳಕ್ಕೆ ನಾನು ಇಳಿಯುವುದಿಲ್ಲ. ಪತ್ರಿಕೆಯ ಡೆಸ್ಕಿನಲ್ಲಿ ಬಹಳ ಕಾಲ ಕೆಲಸ ಮಾಡಿ, ಈಗ ಬಿಡುವಿದ್ದಾಗ ಕಿರುಚಿತ್ರ ಮಾಡುವವನು ನಾನು. ನಿಮ್ಮ ದುಡ್ಡನ್ನೆಲ್ಲ ನುಂಗಿ ಹಾಕುವುದು ಆ ಏಳು ಕೊಲೆಗಳು ಎಂದು ನನಗನ್ನಿಸುತ್ತದೆ.

ಒಂದು ಕೊಲೆಯನ್ನು ತೆರೆಯ ಮೇಲೆ ತೋರಿಸುವುದೆಂದರೆ ಹೊಸದೊಂದು ಜಾಗ, ರಾತ್ರಿಯ ದೀಪಗಳು, ಮೇಕಪ್, ಪ್ರತಿ ಟೇಕಿಗೂ ಒಂದು ಜೊತೆ ಒಣ ಬಟ್ಟೆ. ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಬೆರೆಸಿದರೆ ರಕ್ತ ಚೆನ್ನಾಗಿಯೇ ಕಾಣುತ್ತದೆ, ಆದರೆ ದೀಪ ಸರಿಪಡಿಸುವಷ್ಟರಲ್ಲಿ ನೆಲದ ಮೇಲೆ ಇರುವೆಗಳ ಸಾಲು ಬಂದಿರುತ್ತದೆ. ಹೆಣವಾಗಿ ಮಲಗಿದವನು ಇರುವೆ ಕಚ್ಚಿದರೂ ಅಲುಗಾಡಬಾರದು. (ನೆಲಕ್ಕೆ ಸುರಿಯುವುದಿದ್ದರೆ ಸಕ್ಕರೆ ಬಿಟ್ಟು ಗ್ಲಿಸರಿನ್ ಬಳಸಿ. ಬಾಡಿಗೆ ಮನೆಯ ಗೋಡೆಗೆ ಎರಡೂ ಬೇಡ, ಕಲೆ ಹೋಗುವುದಿಲ್ಲ.) ಇಷ್ಟೆಲ್ಲ ಮಾಡಿದ ಮೇಲೂ ಪ್ರೇಕ್ಷಕ ಅದನ್ನು ಕೋಟಿಗಟ್ಟಲೆ ಖರ್ಚಿನ ಚಿತ್ರಗಳ ಕೊಲೆಯೊಂದಿಗೆ ಹೋಲಿಸಿ ನೋಡುತ್ತಾನೆ. ಅಲ್ಲಿ ನೀವು ಗೆಲ್ಲುವುದಿಲ್ಲ.

ಹಾಗಾದರೆ ಗೆಲ್ಲುವುದು ಎಲ್ಲಿ? ಒಂದು ನಿಜ ಪ್ರಕರಣ ಹೇಳುತ್ತೇನೆ. ಈಗಿನ ಉತ್ತರ ಮ್ಯಾಸಿಡೋನಿಯಾದ ಕಿಚೆವೊ ಎಂಬ ಸಣ್ಣ ಪಟ್ಟಣದಲ್ಲಿ ವ್ಲಾಡೊ ತಾನೆಸ್ಕಿ ಎಂಬ ಹಿರಿಯ ವರದಿಗಾರನಿದ್ದ. ಊರಿನಲ್ಲಿ ಕಸಗುಡಿಸುವ ಕೆಲಸ ಮಾಡುತ್ತಿದ್ದ ವಯಸ್ಸಾದ ಮಹಿಳೆಯರು ಒಬ್ಬೊಬ್ಬರಾಗಿ ಕೊಲೆಯಾದರು. ಆ ಸುದ್ದಿಗಳನ್ನು ರಾಜಧಾನಿಯ ಪತ್ರಿಕೆಗಳಿಗೆ ಬರೆಯುತ್ತಿದ್ದವನು ಇವನೇ. ಅವನ ವರದಿಯಲ್ಲಿ ಕೊಲೆಗೆ ಬಳಸಿದ ಟೆಲಿಫೋನ್ ತಂತಿಯ ಪ್ರಸ್ತಾಪವಿತ್ತು. ಪೊಲೀಸರು ಅದನ್ನು ಯಾರಿಗೂ ಹೇಳಿರಲಿಲ್ಲ. 2008ರ ಜೂನ್‌ನಲ್ಲಿ ಅವನನ್ನು ಬಂಧಿಸಿದರು, ಡಿಎನ್‌ಎ ಹೊಂದಿತು ಎಂದರು. ಅದಾದ ಬೆನ್ನಿಗೇ ಅವನು ಸೆರೆಮನೆಯಲ್ಲಿ ನೀರಿನ ಬಕೆಟ್‌ನಲ್ಲಿ ತಲೆ ಮುಳುಗಿದ ಸ್ಥಿತಿಯಲ್ಲಿ ಸತ್ತು ಸಿಕ್ಕ. ವಿಚಾರಣೆಯೇ ನಡೆಯಲಿಲ್ಲ. ಅವನ ತಾಯಿಯೂ ಕಸಗುಡಿಸುವ ಕೆಲಸದವಳೇ ಆಗಿದ್ದಳು ಎಂಬುದು ಆಮೇಲೆ ಎಲ್ಲರ ಬಾಯಲ್ಲಿ ಬಂದ ಮಾತು.

ಈ ಪ್ರಕರಣದ ಅತ್ಯಂತ ಭೀಕರ ಕ್ಷಣವನ್ನು ಚಿತ್ರೀಕರಿಸಲು ಏನು ಬೇಕು? ಒಂದು ಮೇಜು, ಒಂದು ಮುದ್ರಿತ ಪುಟ, ಅದರ ಮೇಲೆ ಕೆಂಪು ಶಾಯಿಯ ಪೆನ್ನು ಹಿಡಿದ ಒಂದು ಕೈ. ಪೆನ್ನು ಒಂದು ಸಾಲಿನ ಮೇಲೆ ನಿಲ್ಲುತ್ತದೆ. ‘ಇದು ಇವನಿಗೆ ಹೇಗೆ ಗೊತ್ತಾಯಿತು?’ ಅಷ್ಟೇ. ಡೆಸ್ಕಿನಲ್ಲಿ ಕೂತವರಿಗೆ ಈ ಪ್ರಶ್ನೆ ದಿನನಿತ್ಯದ್ದು. ತಾಲ್ಲೂಕಿನಿಂದ ಬಂದ ಪ್ರತಿ ಅಪರಾಧ ಸುದ್ದಿಯಲ್ಲೂ ಎಸ್‌ಐ ಹೇಳಿದ್ದು ಯಾವುದು, ಠಾಣೆಯ ರೈಟರ್ ಚಹಾ ಕುಡಿಯುತ್ತ ಬಿಟ್ಟುಕೊಟ್ಟದ್ದು ಯಾವುದು, ವರದಿಗಾರನೇ ಕಟ್ಟಿದ್ದು ಯಾವುದು ಎಂದು ಉಪಸಂಪಾದಕ ಬೇರ್ಪಡಿಸುತ್ತಲೇ ಇರುತ್ತಾನೆ. ನಿಮ್ಮ ಕಥೆಯಲ್ಲಿ ವರದಿಗಾರನೇ ಹಂತಕನಾಗಬೇಕೆಂದು ಹೇಳುತ್ತಿಲ್ಲ. ಯಾರಿಗೆ ಯಾವ ವಿಷಯ, ಯಾವ ಹೊತ್ತಿಗೆ ತಿಳಿದಿರಬೇಕಿತ್ತು ಎಂಬುದರ ಮೇಲೆ ಇಡೀ ಚಿತ್ರವನ್ನು ಕಟ್ಟಿ. ಏಳು ಕೊಲೆಗಳು ನಡೆದಿರಲಿ, ಒಂದೂ ಕಾಣದಿರಲಿ. ಸುದ್ದಿಯಾಗಿ ಬರಲಿ, ಫೋನಿನಲ್ಲಿ ಬರಲಿ, ಪಂಚನಾಮೆಯ ಒಣ ಭಾಷೆಯಲ್ಲಿ ಬರಲಿ.

ನಮ್ಮಲ್ಲಿಯೇ ಇದಕ್ಕೆ ಬೇಕಾದ ಸರಕಿದೆ. ದಕ್ಷಿಣ ಕನ್ನಡದ ಶಾಲಾ ಶಿಕ್ಷಕ, ‘ಸಯನೈಡ್’ ಮೋಹನ್ ಎಂದೇ ಹೆಸರಾದ ಮೋಹನ್ ಕುಮಾರ್ 2009ರಲ್ಲಿ ಸಿಕ್ಕಿಬಿದ್ದಾಗ ಹೊರಬಂದದ್ದು 20 ಮಹಿಳೆಯರ ಕೊಲೆಯ ಕಥೆ. ಮದುವೆಯಾಗುವುದಾಗಿ ನಂಬಿಸಿ ಬೇರೆ ಬೇರೆ ಊರುಗಳ ಲಾಡ್ಜಿಗೆ ಕರೆದೊಯ್ಯುತ್ತಿದ್ದ. ಮರುದಿನ ಬೆಳಿಗ್ಗೆ ಗರ್ಭ ನಿಲ್ಲದಿರಲೆಂದು ಹೇಳಿ ಸಯನೈಡ್ ಇದ್ದ ಮಾತ್ರೆ ಕೊಡುತ್ತಿದ್ದ, ಬಸ್ ನಿಲ್ದಾಣದ ಶೌಚಾಲಯದಲ್ಲಿ ನುಂಗಿ ಬಾ ಎನ್ನುತ್ತಿದ್ದ. ಒಡವೆ ಲಾಡ್ಜಿನ ಕೋಣೆಯಲ್ಲೇ ಇರುತ್ತಿತ್ತು, ಅದನ್ನು ದೋಚಿಕೊಂಡು ಹೋಗುತ್ತಿದ್ದ. ಗುರುತು ಸಿಗದ ಮಹಿಳೆ, ಬಸ್ ನಿಲ್ದಾಣದ ಶೌಚಾಲಯ, ಒಳಗಿನಿಂದ ಚಿಲಕ: ಠಾಣೆಯಲ್ಲಿ ಅದು ಯುಡಿಆರ್, ಅಂದರೆ ಅಸಹಜ ಸಾವು. ಪತ್ರಿಕೆಯಲ್ಲಿ ಒಳಪುಟದ ನಾಲ್ಕು ಸಾಲು. ಒಂದು ಊರಿನ ನಾಲ್ಕು ಸಾಲನ್ನು ಇನ್ನೊಂದು ಊರಿನ ನಾಲ್ಕು ಸಾಲಿನ ಪಕ್ಕಕ್ಕೆ ಇಟ್ಟು ನೋಡುವವರು ವರ್ಷಗಟ್ಟಲೆ ಇರಲಿಲ್ಲ. ನಿಮ್ಮ ವರದಿಗಾರನಿಗೆ ಆ ಕೆಲಸ ಕೊಡಿ. ಹಳೆಯ ಪತ್ರಿಕೆಗಳ ಕಟ್ಟು, ಒಂದು ಕತ್ತರಿ, ಒಂದು ರಾತ್ರಿ. ಆದರೆ ದಯವಿಟ್ಟು ಗೋಡೆಗೆ ಫೋಟೊ ಅಂಟಿಸಿ ಕೆಂಪು ದಾರ ಎಳೆಸಬೇಡಿ. ಹಾಗೆ ಮಾಡುವ ಒಬ್ಬ ಪತ್ರಕರ್ತನನ್ನೂ ನಾನು ಕಂಡಿಲ್ಲ. ತಾಲ್ಲೂಕು ವರದಿಗಾರ ಬರೆದುಕೊಳ್ಳುವುದು ಯಾವುದೋ ಪತ್ರಿಕಾ ಪ್ರಕಟಣೆಯ ಹಿಂಬದಿಯಲ್ಲಿ.

ಹಂತಕ ಪತ್ರಿಕೆಗೆ ಏಕೆ ಫೋನ್ ಮಾಡುತ್ತಾನೆ ಎಂಬುದಕ್ಕೂ ನಿಮ್ಮ ಕಥೆಯಲ್ಲಿ ಗಟ್ಟಿ ಕಾರಣವಿಲ್ಲ. ಅಮೆರಿಕದ ವಿಚಿಟಾ ಊರಿನ ಸರಣಿ ಹಂತಕ ಡೆನ್ನಿಸ್ ರೇಡರ್ ವರ್ಷಗಟ್ಟಲೆ ಸುಮ್ಮನಿದ್ದು, 2004ರಲ್ಲಿ ಮತ್ತೆ ಸ್ಥಳೀಯ ಪತ್ರಿಕೆ, ಟಿವಿ ವಾಹಿನಿಗಳಿಗೆ ಪತ್ರ ಕಳಿಸತೊಡಗಿದ. ತನ್ನನ್ನು ಜನ ಮರೆತದ್ದು ಅವನಿಗೆ ಸಹಿಸಲಾಗಿರಲಿಲ್ಲ. ಫ್ಲಾಪಿ ಡಿಸ್ಕ್ ಕಳಿಸಿದರೆ ನನ್ನನ್ನು ಪತ್ತೆ ಹಚ್ಚಬಹುದೇ ಎಂದು ಪೊಲೀಸರನ್ನೇ ಕೇಳಿದ. ಅವರು ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ‘ತೊಂದರೆಯಿಲ್ಲ’ ಎಂಬರ್ಥದ ಉತ್ತರ ಹಾಕಿಸಿದರು. ಅವನು ನಂಬಿದ. ಡಿಸ್ಕಿನೊಳಗೆ ಅವನ ಚರ್ಚಿನ ಹೆಸರು, ಅವನ ಮೊದಲ ಹೆಸರು ಎರಡೂ ಉಳಿದಿದ್ದವು. 2005ರ ಫೆಬ್ರುವರಿಯಲ್ಲಿ ಬಂಧನ. ಬಾಡಿಗೆಗೆ ಮನೆ, ವಧು-ವರ, ಹೆಸರು ಬದಲಾವಣೆಗಳ ನಡುವೆ ಕೂತ ಒಂದು ಸಾಲಿನ ಜಾಹೀರಾತು: ಇದಕ್ಕಿಂತ ಅಗ್ಗದ, ಇದಕ್ಕಿಂತ ಚುರುಕಾದ ದೃಶ್ಯ ನಿಮಗೆ ಸಿಗುವುದಿಲ್ಲ.

ಬಡತನವನ್ನೇ ಕಥೆಯೊಳಗೆ ತಂದವರಿದ್ದಾರೆ. 1992ರ ಬೆಲ್ಜಿಯಂ ಚಿತ್ರ ‘ಮ್ಯಾನ್ ಬೈಟ್ಸ್ ಡಾಗ್’ನಲ್ಲಿ ಒಂದು ಸಾಕ್ಷ್ಯಚಿತ್ರ ತಂಡ ಹಂತಕನೊಬ್ಬನ ಹಿಂದೆಯೇ ತಿರುಗುತ್ತದೆ. ದುಡ್ಡು ಮುಗಿದಾಗ ಹಂತಕನೇ ಖರ್ಚು ವಹಿಸಿಕೊಳ್ಳುತ್ತಾನೆ, ಅಲ್ಲಿಂದ ತಂಡವೂ ಅವನ ಅಪರಾಧದಲ್ಲಿ ಪಾಲುಗೊಳ್ಳುತ್ತದೆ. ನಿರ್ದೇಶಿಸಿದ ಮೂವರೇ ನಟಿಸಿದ್ದರು, 16 ಎಂ.ಎಂ. ಕಪ್ಪು ಬಿಳುಪು; ಕ್ಯಾಮೆರಾ ನಡುಗಿದರೂ ಅದು ಕಥೆಗೆ ಸರಿಹೊಂದುತ್ತಿತ್ತು. ವಾರಾಂತ್ಯದ ಬಿಡುವಿನ ವಿಷಯಕ್ಕೆ ಬಂದರೆ, ಕ್ರಿಸ್ಟೋಫರ್ ನೋಲನ್ 1998ರ ‘ಫಾಲೋಯಿಂಗ್’ ಚಿತ್ರವನ್ನು ಹೆಚ್ಚುಕಡಿಮೆ ಒಂದು ವರ್ಷದ ಶನಿವಾರಗಳಲ್ಲಿ ಮುಗಿಸಿದ್ದು. ಎಲ್ಲರಿಗೂ ಬೇರೆ ಉದ್ಯೋಗವಿತ್ತು. ಫಿಲ್ಮ್ ದುಬಾರಿಯಾದ್ದರಿಂದ ಒಂದೆರಡು ಟೇಕಿಗೇ ಮುಗಿಯುವಷ್ಟು ತಾಲೀಮು ಮಾಡಿಸಿದ್ದರು. ನಿಮಗೆ ಫಿಲ್ಮಿನ ಖರ್ಚಿಲ್ಲ, ತಾಲೀಮು ಮಾತ್ರ ಬಿಡಬೇಡಿ. ವರ್ಷವಿಡೀ ಎಳೆಯುವುದಾದರೆ ಮುಖ್ಯ ನಟರ ತಲೆಗೂದಲು, ಮೀಸೆ, ಕನ್ನಡಕ ಯಾವುದೂ ಬದಲಾಗಬಾರದೆಂದು ಮೊದಲೇ ಕರಾರು ಮಾಡಿಕೊಳ್ಳಿ. ನಡುವೆ ಯಾರಿಗಾದರೂ ಮದುವೆ ನಿಶ್ಚಯವಾದರೆ ಆ ನಟನ ದೃಶ್ಯಗಳನ್ನು ಮೊದಲು ಮುಗಿಸಿ.

ಜಾಗಗಳನ್ನು ಮೂರಕ್ಕೆ ಇಳಿಸಿ: ವರದಿಗಾರನ ಕೋಣೆ, ಜಿಲ್ಲಾ ಕಚೇರಿಯ ಡೆಸ್ಕ್, ಬಸ್ ನಿಲ್ದಾಣದ ಎದುರಿನ ಹೋಟೆಲ್. ವರದಿಗಾರನ ಕೋಣೆಗೆ ಗಾಜಿನ ಕಚೇರಿ ಬೇಡ. ಅಂಗಡಿಯ ಮಹಡಿಯ ಮೇಲೊಂದು ಕೋಣೆ, ಎರಡು ಪ್ಲಾಸ್ಟಿಕ್ ಕುರ್ಚಿ, ಜಾಹೀರಾತು ಬಿಲ್ಲಿನ ಪುಸ್ತಕ, ಹಬ್ಬದ ವಿಶೇಷಾಂಕಕ್ಕೆ ಜಾಹೀರಾತು ತಾ ಎಂದು ಪೀಡಿಸುವ ಕಚೇರಿಯ ಕರೆಗಳು. ಕೊಲೆಯ ಸುಳಿವು ಸಿಕ್ಕ ದಿನವೇ ಅವನು ಶುಭಾಶಯ ಜಾಹೀರಾತಿನ ಬಾಕಿ ವಸೂಲಿಗೆ ಹೋಗಬೇಕಾಗಿ ಬರಲಿ. ರಾತ್ರಿ ಪುಟ ಮುಗಿಸುವ ಹೊತ್ತಿಗೆ ಹಂತಕನ ಫೋನ್ ಬರಲಿ: ಬರೆದರೆ ಇನ್ನೊಂದು ಕೊಲೆಯಾಗಬಹುದು, ಬರೆಯದಿದ್ದರೆ ಪ್ರತಿಸ್ಪರ್ಧಿ ಪತ್ರಿಕೆಗೆ ಹೋಗುತ್ತದೆ, ಪುಟಕ್ಕೆ ಉಳಿದಿರುವುದು ಹತ್ತು ನಿಮಿಷ. ಮಳೆಯ ಬೆನ್ನಟ್ಟುವಿಕೆಗೆ ಟ್ಯಾಂಕರ್ ತರಿಸುವ ದುಡ್ಡು ಉಳಿಸಿ. ತಗಡಿನ ಮಾಡಿನ ಮೇಲೆ ಮಳೆಯ ಸದ್ದು, ಬಾಗಿಲ ಬಳಿ ನೀರು ತೊಟ್ಟಿಕ್ಕುವ ಒಂದು ಕೊಡೆ, ವರದಿಗಾರನದಲ್ಲದ ಕೊಡೆ, ಇದ್ದರೆ ಸಾಕು.

ದುಡ್ಡು ಸುರಿಯಲೇಬೇಕಾದದ್ದು ಶಬ್ದಕ್ಕೆ. ಮಸುಕಾದ ಚಿತ್ರವನ್ನು ಪ್ರೇಕ್ಷಕ ಸಹಿಸುತ್ತಾನೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ. ಅದರಲ್ಲೂ ನಿಮ್ಮ ಚಿತ್ರದ ಅರ್ಧ ಭಾಗ ಫೋನ್ ಮಾತು. ಅನುಭವವಿರುವ ಒಬ್ಬ ಧ್ವನಿಗ್ರಾಹಕರನ್ನು ಗೊತ್ತು ಮಾಡಿ, ಉಳಿದ ಎಲ್ಲರೂ ಗೆಳೆಯರಾದರೂ ಇವರಿಗೆ ಸಂಬಳ ಕೊಡಿ. ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಹೊಂದಿಸಿ ಮುದ್ರಿಸಿ. ಹಂತಕನ ಪಾತ್ರಧಾರಿಯನ್ನು ಹೊರಗೆ ಕೂರಿಸಿ, ಟೇಕ್ ನಡೆಯುವಾಗ ನಿಜವಾಗಿಯೇ ಫೋನ್ ಮಾಡಿಸಿ, ಅವನ ಬಳಿಯೂ ಒಂದು ರೆಕಾರ್ಡರ್ ಇಡಿ. ಆಮೇಲೆ ಡಬ್ಬಿಂಗಿನಲ್ಲಿ ಕೂಡಿಸಿದ ಮಾತಿಗೆ ಆ ತಡವರಿಕೆ, ಆ ಉಸಿರು ಬರುವುದಿಲ್ಲ. ಕೋಣೆಯ ಫ್ಯಾನ್ ನಿಲ್ಲಿಸಿ, ಯುಪಿಎಸ್ ಆರಿಸಿ, ಫ್ರಿಜ್ ಆರಿಸಿ. ಫ್ರಿಜ್ ಆರಿಸಿದಾಗ ನಿಮ್ಮ ಬೈಕಿನ ಕೀಲಿಯನ್ನು ಅದರೊಳಗೇ ಇಡಿ, ಮನೆಗೆ ಹೊರಡುವಾಗ ಫ್ರಿಜ್ ಹಚ್ಚುವುದು ಮರೆಯುವುದಿಲ್ಲ. ಪ್ರತಿ ಜಾಗದಲ್ಲೂ ಯಾರೂ ಉಸಿರೆತ್ತದೆ ಅರ್ಧ ನಿಮಿಷದ ಮೌನ ಮುದ್ರಿಸಿಕೊಳ್ಳಿ. ಮಾತುಗಳ ನಡುವಿನ ಸಂದಿ ತುಂಬಲು ಅದು ಬೇಕಾಗುತ್ತದೆ, ಸಂಕಲನಕಾರ ನಿಮ್ಮನ್ನು ಹರಸುತ್ತಾನೆ.

ಕ್ಯಾಮೆರಾ ಬಗ್ಗೆ ಇಷ್ಟೇ: ಇರುವುದನ್ನೇ ಬಳಸಿ, ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 1/50ಕ್ಕೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಟ್ಯೂಬ್‌ಲೈಟ್ ಮಿನುಗುವುದು ತಪ್ಪುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳನ್ನು ಹಿಂದಿನ ದಿನವೇ ಪರೀಕ್ಷಿಸಿ. ಪ್ರತಿದಿನ ರಾತ್ರಿ ಎರಡು ಹಾರ್ಡ್ ಡಿಸ್ಕಿಗೆ ನಕಲು, ಎರಡೂ ಬೇರೆ ಬೇರೆ ಮನೆಯಲ್ಲಿ.

ಕಾನೂನಿನ ವಿಷಯವನ್ನು ಯಾರೂ ಎತ್ತಿಲ್ಲ. ನಿಜ ಪ್ರಕರಣ ಆಧರಿಸುವುದಾದರೆ ಆಟೋ ಶಂಕರ್ ಪ್ರಕರಣದ ತೀರ್ಪನ್ನು ಓದಿ. ಹಲವು ಕೊಲೆಗಳಿಗಾಗಿ ಗಲ್ಲು ಶಿಕ್ಷೆಯಾಗಿದ್ದ ಆತ ಸೆರೆಮನೆಯಲ್ಲಿ ಬರೆದ ಆತ್ಮಕಥೆಯನ್ನು ತಮಿಳಿನ ‘ನಕ್ಕೀರನ್’ ಪತ್ರಿಕೆ ಪ್ರಕಟಿಸಲು ಹೊರಟಾಗ ಅಧಿಕಾರಿಗಳು ತಡೆಯಲು ನೋಡಿದರು. 1994ರಲ್ಲಿ ಸುಪ್ರೀಂ ಕೋರ್ಟ್ ಪತ್ರಿಕೆಯ ಪರ ನಿಂತಿತು: ನ್ಯಾಯಾಲಯದ ದಾಖಲೆಯಂಥ ಸಾರ್ವಜನಿಕ ದಾಖಲೆಗಳಲ್ಲಿ ಇರುವುದನ್ನು ಅನುಮತಿಯಿಲ್ಲದೆ ಬಳಸಬಹುದು, ಅದನ್ನು ಮೀರಿ ಒಬ್ಬರ ಖಾಸಗಿ ಬದುಕಿಗೆ ಕೈಹಾಕಿದರೆ ಪರಿಣಾಮಕ್ಕೆ ನೀವೇ ಹೊಣೆ. (ಆ ಪತ್ರಿಕೆಯ ಸಂಪಾದಕ ಗೋಪಾಲ್ ಅವರೇ 2000ರಲ್ಲಿ ರಾಜ್‌ಕುಮಾರ್ ಅಪಹರಣವಾದಾಗ ವೀರಪ್ಪನ್ ಬಳಿಗೆ ಸಂಧಾನಕ್ಕೆ ಹೋದವರು. ಪತ್ರಕರ್ತ ಮತ್ತು ಹಂತಕ ಎದುರುಬದುರು ಕೂರುವ ದೃಶ್ಯ ಬರೆಯುವಾಗ ಆ ದಿನಗಳ ಪತ್ರಿಕೆಗಳನ್ನು ತಿರುವಿ ಹಾಕಿ.) ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲಾಗುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಂ ಪ್ರಕಾರ ಅಪರಾಧ. ಹೆಸರು ಬದಲಿಸಿ ಊರು, ಕೆಲಸ, ಮನೆತನ ಹಾಗೆಯೇ ಉಳಿಸಿದರೆ ಬದಲಿಸಿದಂತಾಗುವುದಿಲ್ಲ. ನನ್ನ ಸಲಹೆ, ಎರಡು ಮೂರು ಪ್ರಕರಣಗಳ ಕೆಲಸದ ರೀತಿಯನ್ನು ಮಾತ್ರ ತೆಗೆದುಕೊಂಡು ಜನರನ್ನು ಪೂರ್ತಿ ಹೊಸದಾಗಿ ಬರೆಯಿರಿ.

ಬೀದಿಯಲ್ಲಿ ಪೊಲೀಸ್ ಸಮವಸ್ತ್ರ ಅಥವಾ ಆಟಿಕೆ ಪಿಸ್ತೂಲು ಇಟ್ಟು ಚಿತ್ರೀಕರಿಸುವುದಿದ್ದರೆ ಸ್ಥಳೀಯ ಠಾಣೆಗೆ ಮೊದಲೇ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಪ್ರತಿ ಜೇಬಿನಲ್ಲಿರಲಿ. ಚಿತ್ರಮಂದಿರಕ್ಕೆ ಹೋಗುವ ಆಸೆಯಿದ್ದರೆ ಸೆನ್ಸಾರ್ ಪ್ರಮಾಣಪತ್ರ ಬೇಕು. 2023ರ ತಿದ್ದುಪಡಿಯ ನಂತರ ಯುಎ ವರ್ಗದಲ್ಲಿ 7, 13, 16 ವರ್ಷದ ಮೂರು ಹಂತಗಳಿವೆ; ಕೊಲೆಗಳನ್ನು ತೋರಿಸದ ನಿಮ್ಮ ಚಿತ್ರಕ್ಕೆ ವಯಸ್ಕರಿಗೆ ಮಾತ್ರ ಎಂಬ ‘ಎ’ ತಪ್ಪುವ ಸಾಧ್ಯತೆ ಹೆಚ್ಚು. ವರದಿಗಾರನ ಬಾಯಿಗೆ ಸಿಗರೇಟು ಇಟ್ಟರೆ ಪರದೆಯ ಮೇಲೆ ಎಚ್ಚರಿಕೆಯ ಸಾಲು ಬರಲೇಬೇಕು. ಆ ಉದ್ವೇಗದ ಹೊತ್ತಿನಲ್ಲಿ ಕ್ಯಾನ್ಸರ್ ಜಾಹೀರಾತು ನೆನಪಿಸುವ ಸಾಲು ನಿಮಗೇಕೆ? ಅವನಿಗೆ ಚಹಾ ಕೊಡಿ.

ಚಿತ್ರಕಥೆಯ ಮುಂದಿನ ಕರಡು ಸಿದ್ಧವಾದಾಗ ಇಲ್ಲಿಯೇ ಹಾಕಿ, ಓದುತ್ತೇನೆ. ಚಿತ್ರದಲ್ಲಿ ಕಾಣುವ ಪತ್ರಿಕೆಯ ಪುಟಗಳನ್ನು, ವರ್ಗೀಕೃತ ಜಾಹೀರಾತಿನ ಅಂಕಣವೂ ಸೇರಿದಂತೆ, ನಾನೇ ವಿನ್ಯಾಸ ಮಾಡಿಕೊಡುತ್ತೇನೆ. ಚಾಲ್ತಿಯಲ್ಲಿಲ್ಲದ ಒಂದು ಪತ್ರಿಕೆಯ ಹೆಸರನ್ನು ನೀವು ಯೋಚಿಸಿಡಿ, ಮತ್ತು ಆ ದಿನದ ಪುಟದಲ್ಲಿ ಕೊಲೆಯ ಸುದ್ದಿಯ ಪಕ್ಕ ಇನ್ಯಾವ ಸುದ್ದಿಗಳಿರಬೇಕೆಂದು ಬರೆದು ಕಳಿಸಿ.